ಹಳದಿಯವರೇ, ಸರದಿ ನಿಮ್ಮದು!



ಎಪ್ಪತ್ತೆರಡು ದಾಟಿದ ಮನುಷ್ಯನೊಬ್ಬ ರಾತ್ರಿಯ ಊಟ ಮುಗಿಸಿ, ಕನ್ನಡಕ ಒರೆಸಿಕೊಂಡು, ಮೊಬೈಲಿನಲ್ಲಿ ಲೂಡೋ ಆಡಲು ಕೂರುತ್ತಾನೆಂದರೆ ನಿಮಗೆ ನಗು ಬರುವುದು ಸಹಜ. ನಮ್ಮ ಮನೆಯಲ್ಲೂ ನಗುತ್ತಾರೆ. "ನಿಮ್ಮ ಪ್ರಾಯದವರು ವಿಷ್ಣು ಸಹಸ್ರನಾಮ ಹೇಳ್ತಾರೆ, ನೀವು ಆರು ಬೀಳ್ಲಿಲ್ಲ ಅಂತ ಹಣೆ ಬಡ್ಕೊಳ್ತೀರಿ" ಎಂದು ನನ್ನಾಕೆ ಹೇಳುವುದುಂಟು. ಅದಕ್ಕೆ ನಾನು ಉತ್ತರ ಕೊಡುವುದಿಲ್ಲ. ನಲವತ್ತೈದು ವರ್ಷ ಸಂಸಾರ ಮಾಡಿದವನಿಗೆ ಎಲ್ಲಿ ಉತ್ತರ ಕೊಡಬೇಕು, ಎಲ್ಲಿ ದಾಳ ಉರುಳಿಸಬೇಕು ಎಂಬುದು ಗೊತ್ತಿರುತ್ತದೆ.

ಆದರೂ ಈ ಹವ್ಯಾಸದ ಬಗ್ಗೆ ನಿಮ್ಮೊಂದಿಗೆ ನಾಲ್ಕು ಮಾತು ಹಂಚಿಕೊಳ್ಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಆನ್‌ಲೈನ್ ಆಟ ಎಂದ ಕೂಡಲೇ ನಮ್ಮವರಲ್ಲಿ ಎರಡೇ ಮಾತು ಕೇಳಿಬರುತ್ತದೆ. ಒಂದು, ಮಕ್ಕಳು ಹಾಳಾಗುತ್ತಾರೆ. ಎರಡು, ದುಡ್ಡು ಹೋಗುತ್ತದೆ. ಎರಡೂ ಸುಳ್ಳಲ್ಲ. ಆದರೆ ಕಳೆದ ಐದಾರು ವರ್ಷಗಳಲ್ಲಿ ನಾನು ಕಂಡ ಮೂರನೆಯ ಸಂಗತಿಯೊಂದಿದೆ. ಅದನ್ನು ಹೇಳಲಿಕ್ಕಾಗಿಯೇ ಈ ಬರಹ.

ನಮ್ಮ ಆಟದಲ್ಲಿ ನಾಲ್ವರಿದ್ದೇವೆ. ಹೆಸರು ಬರೆದರೆ ಅವರಿಗೆ ಮುಜುಗರವಾದೀತು. ಆದ್ದರಿಂದ ಕಾಯಿಯ ಬಣ್ಣದಿಂದಲೇ ಕರೆಯುತ್ತೇನೆ. ಕೆಂಪು ನಾನು, ಡೊಂಬಿವಲಿಯವನು. ಹಸಿರಿನವರು ನಿವೃತ್ತಿಯ ನಂತರ ಕಾರ್ಕಳದ ಕಡೆ ಮನೆ ಕಟ್ಟಿಸಿಕೊಂಡು ಹೋದವರು. ನೀಲಿಯವರು ಠಾಣೆಯಲ್ಲಿದ್ದವರು, ಈಗ ಮಗಳ ಜೊತೆ ಬೆಂಗಳೂರಿನಲ್ಲಿದ್ದಾರೆ. ಹಳದಿಯವರು ಗದಗದ ಕಡೆಯವರು. ಐವತ್ತು ವರ್ಷಗಳಿಂದ ಕಲ್ಯಾಣದಲ್ಲೇ ನೆಲೆಸಿದ್ದಾರೆ.

ನಮ್ಮ ನಾಲ್ವರ ಪರಿಚಯವಾದದ್ದು ಯಾವ ಸಂಘದಲ್ಲೂ ಅಲ್ಲ, ಲೋಕಲ್ ಗಾಡಿಯಲ್ಲಿ. ಮುಂಬಯಿಯ ಓದುಗರಿಗೆ ಗಾಡಿಯ ಮಂಡಳಿಗಳ ವಿಷಯ ವಿವರಿಸಬೇಕಾಗಿಲ್ಲ. ಒಂದು ಡಬ್ಬಿಯಲ್ಲಿ ತಾಳ ಕುಟ್ಟಿಕೊಂಡು ಭಜನೆ ನಡೆದರೆ ಇನ್ನೊಂದರಲ್ಲಿ ಇಸ್ಪೀಟು. ಬೆಳಗ್ಗೆ ಎಂಟು ಗಂಟೆಯ ಆಸುಪಾಸಿನ ಕಲ್ಯಾಣ–ವಿ.ಟಿ. ಫಾಸ್ಟ್ ಲೋಕಲ್‌ನ ಎರಡನೆಯ ದರ್ಜೆಯ ಡಬ್ಬಿಯಲ್ಲಿ, ನಾಲ್ವರ ಮೊಣಕಾಲಿನ ಮೇಲೆ ಒಂದು ಬ್ರೀಫ್‌ಕೇಸು, ಅದರ ಮೇಲೆ ಒಂದು ವರ್ತಮಾನ ಪತ್ರಿಕೆ, ಅದರ ಮೇಲೆ ಎಲೆಗಳು. ಆಟ ಮೆಂಡಿಕೋಟ್. ಇಬ್ಬರಿಬ್ಬರ ಜೋಡಿ, ನಾಲ್ಕು ಹತ್ತುಗಳನ್ನು ಯಾರು ಗೆಲ್ಲುತ್ತಾರೋ ಅವರದ್ದು ಆಟ. ಸೋತ ಜೋಡಿ ವಿ.ಟಿ.ಯಲ್ಲಿ ಇಳಿದ ಮೇಲೆ ಚಹಾ ಕುಡಿಸಬೇಕು. ಇದೇ ನಮ್ಮ ಪಣ.

ಹಳದಿಯವರು ಗಾಡಿ ಹೊರಡುವ ಸ್ಟೇಷನ್ನಿನಲ್ಲೇ ಹತ್ತುತ್ತಿದ್ದುದರಿಂದ ನಮಗೆಲ್ಲ ಸೀಟು ಹಿಡಿದಿಡುವ ಕೆಲಸ ಅವರದು. ಒಂದು ಸೀಟಿನ ಮೇಲೆ ಛತ್ರಿ, ಇನ್ನೊಂದರ ಮೇಲೆ ಟಿಫಿನ್ ಡಬ್ಬಿ, ಮೂರನೆಯದರ ಮೇಲೆ ಕರವಸ್ತ್ರ. ಠಾಣೆಯಲ್ಲಿ ನೀಲಿಯವರು ಜನರ ಪ್ರವಾಹದೊಂದಿಗೆ ಒಳಬಂದಾಗ ಮೂವರ ಬೆಂಚಿನಲ್ಲಿ ನಾಲ್ಕನೆಯವರಿಗೆ ಜಾಗ ಮಾಡಿಕೊಡಲು "ಜರಾ ಸರಕಾ" ಎಂದು ಮೊದಲು ಸರಿಯುತ್ತಿದ್ದವರೂ ಅವರೇ. ಅವರು ಪರೇಲಿನ ಒಂದು ಬಟ್ಟೆ ಗಿರಣಿಯ ಲೆಕ್ಕಪತ್ರ ವಿಭಾಗದಲ್ಲಿದ್ದವರು. 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರ ಅವರ ಗಿರಣಿಯನ್ನೂ ನುಂಗಿತು. ಆಮೇಲೆ ಒಂದು ಸಾರಿಗೆ ಕಂಪೆನಿಯಲ್ಲಿ ಅದೇ ಲೆಕ್ಕದ ಕೆಲಸ ಹಿಡಿದರು. ಕಾಗದ, ಪೆನ್ನು ಮುಟ್ಟದೆ ಇಡೀ ಉದ್ದ ಕಾಲಮನ್ನು ಕೂಡಿಸಿ ಹೇಳುತ್ತಿದ್ದರು. ಇಸ್ಪೀಟಿನಲ್ಲಂತೂ ಯಾವ ಎಲೆ ಬಿತ್ತು, ಯಾವ ಎಲೆ ಯಾರ ಕೈಯಲ್ಲಿದೆ ಎಂಬುದು ಘಾಟ್‌ಕೋಪರ್ ಬರುವಷ್ಟರಲ್ಲಿ ಅವರಿಗೆ ಗೊತ್ತಾಗಿಬಿಡುತ್ತಿತ್ತು. ಅವರ ಜೋಡಿಯಾಗಲು ನಾವು ಮೂವರೂ ಹಾತೊರೆಯುತ್ತಿದ್ದೆವು.

ಒಬ್ಬೊಬ್ಬರಾಗಿ ನಿವೃತ್ತರಾದೆವು. ಆಟ ನಿಂತಿತು. ವರ್ಷಕ್ಕೊಮ್ಮೆ ಹೊಸ ವರ್ಷದ ಶುಭಾಶಯ, ಮದುವೆಯ ಕರೆಯೋಲೆ, ಅಷ್ಟೇ ಉಳಿಯಿತು.

ಮತ್ತೆ ನಮ್ಮನ್ನು ಕೂಡಿಸಿದ್ದು ಕೊರೋನಾ ಎಂದರೆ ವಿಚಿತ್ರವೆನಿಸಬಹುದು. 2020ರ ಮಾರ್ಚ್ 22ರ ಜನತಾ ಕರ್ಫ್ಯೂವಿನ ರಾತ್ರಿಯಿಂದ ಮುಂಬಯಿಯ ಲೋಕಲ್ ಗಾಡಿಗಳು ನಿಂತವು. ಜೂನ್ 15ರಂದು ಅಗತ್ಯ ಸೇವೆಯ ನೌಕರರಿಗಾಗಿ ಮಾತ್ರ ಪುನಃ ಹೊರಟವು. ಸಾಮಾನ್ಯ ಜನರು, ಅದೂ ಗೊತ್ತುಪಡಿಸಿದ ಹೊತ್ತಿನಲ್ಲಿ, ಹತ್ತಬಹುದಾದದ್ದು 2021ರ ಫೆಬ್ರವರಿ 1ರಿಂದ. ಗಾಡಿಯ ಸದ್ದಿಲ್ಲದ ಡೊಂಬಿವಲಿಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅಂಥ ಒಂದು ರಾತ್ರಿ ಹಸಿರಿನವರು ಕಾರ್ಕಳದಿಂದ ಫೋನು ಮಾಡಿದರು. "ಎಂತ ಮಾರಾಯ್ರೆ, ಬದುಕಿದ್ದೀರಾ? ಒಂದು ಕೈ ಆಡುವನಾ?" ಎಂದರು. ಮೊದಲು ಇಸ್ಪೀಟನ್ನೇ ಹುಡುಕಿದೆವು. ಆದರೆ ಮೊಬೈಲಿನಲ್ಲಿ ಇಸ್ಪೀಟು ಎಂದು ಹುಡುಕಿದರೆ ಎದುರು ಬಂದು ನಿಲ್ಲುತ್ತಿದ್ದುದು ಹಣ ಕಟ್ಟಿ ಆಡುವ ರಮ್ಮಿಯ ಜಾಹೀರಾತುಗಳು. ಅದು ಬೇಡವೆಂದು ನೀಲಿಯವರ ಮಗಳು ಲೂಡೋ ಹಾಕಿಕೊಟ್ಟಳು.

ನಾವು ಆಡುವ ಲೂಡೋ ಕಿಂಗ್ ನಮ್ಮ ಪಕ್ಕದ ಊರಿನದೇ ಎಂದು ನನಗೆ ಆಮೇಲೆ ತಿಳಿಯಿತು. ನವಿಮುಂಬಯಿಯ ಗೇಮ್‌ಶನ್ ಎಂಬ ಕಂಪೆನಿ, ವಿಕಾಶ್ ಜೈಸ್ವಾಲ್ ಎಂಬವರು ಸ್ಥಾಪಿಸಿದ್ದು, 2016ರಲ್ಲಿ ಇದನ್ನು ಹೊರತಂದಿತು. ಹತ್ತು ಕೋಟಿಗೂ ಮಿಕ್ಕಿ ಸಲ ಇದು ಮೊಬೈಲುಗಳಿಗೆ ಇಳಿದಿದೆ. ಲಾಕ್‌ಡೌನಿನ ದಿನಗಳಲ್ಲಂತೂ ದೇಶಕ್ಕೆ ದೇಶವೇ ಒಂದು ಕಡೆ ದೂರದರ್ಶನದ ರಾಮಾಯಣ ನೋಡುತ್ತಿತ್ತು, ಇನ್ನೊಂದು ಕಡೆ ಲೂಡೋ ಆಡುತ್ತಿತ್ತು. ಆಡುವ ಕ್ರಮ ಸುಲಭ. ಒಬ್ಬರು ಕೋಣೆಯೊಂದನ್ನು ತೆರೆಯಬೇಕು. ಅದಕ್ಕೊಂದು ಸಂಕೇತ ಸಂಖ್ಯೆ ಸಿಗುತ್ತದೆ. ಅದನ್ನು ಉಳಿದ ಮೂವರಿಗೆ ಕಳುಹಿಸಿದರೆ ಅವರು ಎಲ್ಲಿದ್ದರೂ ಅದೇ ಕೋಣೆಯೊಳಗೆ ಬಂದು ಕೂರುತ್ತಾರೆ. ಅಪರಿಚಿತರು ನುಗ್ಗುವಂತಿಲ್ಲ. ಹೀಗೆ ಕಾರ್ಕಳ, ಬೆಂಗಳೂರು, ಕಲ್ಯಾಣ, ಡೊಂಬಿವಲಿಗಳು ರಾತ್ರಿ ಒಂಬತ್ತೂವರೆಗೆ ಒಂದೇ ಜಗಲಿಯಲ್ಲಿ ಕೂರತೊಡಗಿದವು. ಪಕ್ಕದಲ್ಲಿ ಇನ್ನೊಂದು ಫೋನಿನಲ್ಲಿ ನಾಲ್ವರೂ ಮಾತಿಗೆ ಸಿಗುತ್ತಿದ್ದೆವು. ಮಾತಿಲ್ಲದ ಲೂಡೋ ಉಪ್ಪಿಲ್ಲದ ಗಂಜಿಯಂತೆ.

ಲೂಡೋ ಎಂದರೆ ಇಂಗ್ಲಿಷರ ಆಟವೆಂದು ಮೂಗು ಮುರಿಯಬೇಡಿ. 1896ರಲ್ಲಿ ಇಂಗ್ಲೆಂಡಿನಲ್ಲಿ ಆ ಹೆಸರಿನಿಂದ ಪೇಟೆಂಟ್ ಪಡೆದ ಈ ಆಟ ನಮ್ಮ ಪಗಡೆ–ಪಚ್ಚೀಸಿಯ ಮೊಮ್ಮಗು. ಫತೇಪುರ್ ಸಿಕ್ರಿಯ ಅಂಗಳದಲ್ಲಿ ಇಂದಿಗೂ ಪಚ್ಚೀಸಿಯ ದೊಡ್ಡ ಹಾಸು ಕಾಣಸಿಗುತ್ತದೆ. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹಲಗೆಯಾಟಗಳ ಮಹಾ ಪ್ರೇಮಿ. ಅವರ ಶ್ರೀತತ್ತ್ವನಿಧಿಯಲ್ಲಿ ಆಟಗಳಿಗೆಂದೇ 'ಕೌತುಕ ನಿಧಿ' ಎಂಬ ಭಾಗವಿದೆ. ನಾವು ನಾಲ್ವರೂ ಊರಿನ ಚೌಕಾಬಾರದ ಮಾತನ್ನೇ ಲೂಡೋಕ್ಕೂ ಅಂಟಿಸಿದ್ದೇವೆ. ನಮ್ಮಲ್ಲಿ ಗರ ಬೀಳುತ್ತದೆ, ಕಾಯಿ ಕಡಿಯುತ್ತೇವೆ, ಮನೆ ಮುಟ್ಟಿದ ಕಾಯಿ ಹಣ್ಣಾಗುತ್ತದೆ. ಕಾಯಿ ಹಣ್ಣಾಗುವುದೆಂಬ ಮಾತಿನಲ್ಲಿರುವ ಸೊಗಸು ಬೇರೆ ಯಾವ ಭಾಷೆಯಲ್ಲಿದೆಯೋ ನಾನರಿಯೆ.

ಹಲಗೆಯ ಮೇಲಿನ ಲೂಡೋಕ್ಕೂ ಮೊಬೈಲಿನ ಲೂಡೋಕ್ಕೂ ಒಂದು ವ್ಯತ್ಯಾಸವಿದೆ. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಹೊರಸುತ್ತಿನಲ್ಲಿ 52 ಮನೆಗಳಿವೆ. ಹಲಗೆಯ ಮೇಲಾದರೆ ಎಣಿಸುವುದು ನಾವೇ, ನಡೆಸುವುದು ನಾವೇ. ಮೊಬೈಲಿನಲ್ಲಿ ಹಾಗಿಲ್ಲ. ಬೆರಳು ತಾಗಿಸಿದರೆ ದಾಳ ಉರುಳುತ್ತದೆ. ಯಾವ ಕಾಯಿ ನಡೆಯಬಹುದೋ ಅದನ್ನು ಯಂತ್ರವೇ ತೋರಿಸುತ್ತದೆ. ಅದನ್ನು ಮುಟ್ಟಿದರೆ ಸಾಕು, ಎಷ್ಟು ಮನೆ, ಯಾವ ತಿರುವು ಎಂಬುದನ್ನೆಲ್ಲ ಅದೇ ನೋಡಿಕೊಳ್ಳುತ್ತದೆ. ತಪ್ಪೆಣಿಕೆ ಇಲ್ಲ, ಮೋಸವಿಲ್ಲ, ಜಗಳವಿಲ್ಲ. ಜಗಳವಿಲ್ಲವೆಂದೆನೇ? ಅದು ಪೂರ್ತಿ ನಿಜವಲ್ಲ. ಹಸಿರಿನವರಿಗೆ ಆರು ಬೀಳದಿದ್ದರೆ ಯಂತ್ರದ ಮೇಲೇ ಜಗಳ. "ಹತ್ತು ಸಲ ಹಾಕಿದೆ, ಒಂದು ಆರಿಲ್ಲ! ಇದು ಮೋಸ" ಎನ್ನುತ್ತಿದ್ದರು. ಹಳದಿಯವರು ಆಗ, 2020ರಲ್ಲಿ, ಬಾಯಿಲೆಕ್ಕದಲ್ಲೇ ಉತ್ತರ ಕೊಟ್ಟಿದ್ದರು. "ಹತ್ತು ಸಲ ಹಾಕಿದ್ರೂ ಒಂದೂ ಆರು ಬೀಳದಿರೂದು ನೂರರಾಗ ಹದಿನಾರು ಸಲ ಆಗೂದರೀ. ಮೋಸ ಅಲ್ಲ, ಗಣಿತ" ಎಂದಿದ್ದರು. ನಾನು ಮೊಮ್ಮಗನಿಂದ ಲೆಕ್ಕ ಹಾಕಿಸಿದೆ. ಸರಿಯಾಗಿಯೇ ಇತ್ತು.

ಮೊಮ್ಮಗನ ಸುದ್ದಿ ಬಂತು, ಅದನ್ನೂ ಹೇಳಿಬಿಡುತ್ತೇನೆ. ಲೂಡೋ ಆಡುವ ಅಜ್ಜನನ್ನು ಕಂಡು ಅವನಿಗೆ ಧೈರ್ಯ ಬಂತು. "ಅಜ್ಜ, ಇದು ಚಿಕ್ಕಮಕ್ಕಳ ಆಟ. ನಿಜವಾದ ಆಟ ತೋರಿಸ್ತೇನೆ" ಎಂದು ಬಿ.ಜಿ.ಎಂ.ಐ. ಆಡಿಸಿದ. ಹಿಂದೆ ಪಬ್‌ಜಿ ಮೊಬೈಲ್ ಎಂದಿದ್ದುದನ್ನು ಕೇಂದ್ರ ಸರಕಾರ 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿತು. 2021ರ ಜುಲೈಯಲ್ಲಿ ಅದೇ ಬಗೆಯ ಆಟ ಈ ಹೊಸ ಹೆಸರಿನಲ್ಲಿ ಬಂತು. ನೂರು ಮಂದಿ ವಿಮಾನದಿಂದ ಒಂದು ದ್ವೀಪಕ್ಕೆ ಧುಮುಕುತ್ತಾರೆ. ಅಲ್ಲಿ ಕೈಗೆ ಸಿಕ್ಕಿದ ಬಂದೂಕು ಹಿಡಿದು ಒಬ್ಬರನ್ನೊಬ್ಬರು ಕೊಲ್ಲುತ್ತಾರೆ. ಆಡುವ ಮೈದಾನ ಕಿರಿದಾಗುತ್ತಾ ಬರುತ್ತದೆ. ಕೊನೆಗೆ ಉಳಿದವರು ಗೆದ್ದವರು. ನಾನು ಧುಮುಕಿದ್ದು ಒಂದು ಮನೆಯ ಮಾಡಿನ ಮೇಲೆ. ಕೆಳಗಿಳಿಯುವ ಮೆಟ್ಟಿಲು ಹುಡುಕುವಷ್ಟರಲ್ಲಿ ಯಾರೋ ಗುಂಡು ಹೊಡೆದರು. ಕಾದಾಟ ಅಷ್ಟಕ್ಕೇ ಮುಗಿಯಿತು.

ಆದರೆ ಅಲ್ಲೊಂದು ನಿಯಮ ನನಗೆ ಬಹಳ ಹಿಡಿಸಿತು. ನಾಲ್ವರ ತಂಡದಲ್ಲಿ ಆಡುವಾಗ ಗುಂಡು ತಾಗಿದವನು ಕೂಡಲೇ ಸಾಯುವುದಿಲ್ಲ, ನೆಲಕ್ಕೆ ಬಿದ್ದು ತೆವಳುತ್ತಾನೆ. ಜೊತೆಗಾರನೊಬ್ಬ ಹತ್ತಿರ ಬಂದು ಕೆಲವು ಸೆಕೆಂಡು ಕುಳಿತು ಆರೈಕೆ ಮಾಡಿದರೆ ಮತ್ತೆ ಎದ್ದು ನಿಲ್ಲುತ್ತಾನೆ. ಆ ಕೆಲವು ಸೆಕೆಂಡು ಎಬ್ಬಿಸುವವನು ತಾನೂ ಗುಂಡು ಹಾರಿಸುವಂತಿಲ್ಲ. ತನ್ನ ಜೀವವನ್ನು ಪಣಕ್ಕಿಟ್ಟೇ ಎಬ್ಬಿಸಬೇಕು. ಮೊಮ್ಮಗ ಮೂರು ಸಲ ಬಂದು ನನ್ನನ್ನು ಎಬ್ಬಿಸಿದ. ಮೂರನೆಯ ಸಲ ಅವನೇ ಸತ್ತ. "ಪರವಾಗಿಲ್ಲ ಅಜ್ಜ, ಟೀಮ್ ಅಂದ್ರೆ ಹಾಗೇ" ಎಂದ. ಮಕ್ಕಳು ಆ ಆಟದಲ್ಲಿ ಕೊಲ್ಲುವುದನ್ನು ಮಾತ್ರ ಕಲಿಯುತ್ತಾರೆ ಎಂದು ಅಂದಿನಿಂದ ನಾನು ಹೇಳುವುದಿಲ್ಲ. ಆದರೆ ರಾತ್ರಿ ಹತ್ತರ ಮೇಲೆ ಮೊಬೈಲು ಕಸಿದುಕೊಳ್ಳುವ ಕೆಲಸವನ್ನು ಅವನ ಅಮ್ಮ ಬಿಟ್ಟಿಲ್ಲ, ಬಿಡಬಾರದು ಕೂಡ.

ಇನ್ನು ದುಡ್ಡಿನ ಮಾತು. ಒಂದು ದಿನ ನೀಲಿಯವರು "ಗಾಡಿಯಲ್ಲಿ ಚಹಾದ ಪಣವಿತ್ತಲ್ಲ, ಇಲ್ಲಿ ಹತ್ತು ಹತ್ತು ರೂಪಾಯಿ ಇಡುವ. ಅದಕ್ಕೂ ಬೇರೆ ಆಪ್ ಉಂಟಂತೆ" ಎಂದರು. ಆಗ ಅಂಥವು ಬೇಕಾದಷ್ಟಿದ್ದವು. ಹಳದಿಯವರು ಒಪ್ಪಲಿಲ್ಲ. "ಚಹಾ ಸೋತರ ಚಹಾನ ಕುಡೀತೀವಿ. ರೊಕ್ಕ ಸೋತರ ನಿದ್ದಿ ಬರೂದಿಲ್ಲ" ಎಂದರು. ಮಾತು ಅಲ್ಲಿಗೇ ಮುಗಿಯಿತು.

ನಮಗೆ ಮುಗಿದರೂ ನ್ಯಾಯಾಲಯಗಳಲ್ಲಿ ಆ ಮಾತು ಆಗತಾನೇ ಶುರುವಾಗಿತ್ತು. ನಮ್ಮ ದೇಶದ ಕಾನೂನು ಬಹುಕಾಲದಿಂದ ಆಟಗಳನ್ನು ಎರಡು ಪಂಕ್ತಿಯಲ್ಲಿ ಕೂರಿಸುತ್ತಾ ಬಂದಿತ್ತು. ಒಂದು ಕೌಶಲದ ಆಟ, ಇನ್ನೊಂದು ಅದೃಷ್ಟದ ಆಟ. ಅದೃಷ್ಟದ ಆಟಕ್ಕೆ ಹಣ ಕಟ್ಟಿದರೆ ಜೂಜು, ಕೌಶಲದ ಆಟವಾದರೆ ಅಲ್ಲ. ಹಾಗಾದರೆ ಲೂಡೋ ಯಾವುದು? 2021ರಲ್ಲಿ ಈ ಪ್ರಶ್ನೆ ಮುಂಬಯಿ ಹೈಕೋರ್ಟಿನ ಮುಂದೆಯೇ ಬಂತು. ದಾಳದ ಮೇಲೆ ನಿಂತ ಆಟಕ್ಕೆ ಹಣ ಕಟ್ಟಿಸಿಕೊಳ್ಳುವುದು ಜೂಜಲ್ಲವೇ ಎಂದು ಅರ್ಜಿದಾರರ ವಾದ. ಅದೇ ವರ್ಷ ಕರ್ನಾಟಕ ಸರಕಾರ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕಾಯಿದೆ ತಿದ್ದಿತು. 2022ರ ಫೆಬ್ರವರಿ 14ರಂದು ಕರ್ನಾಟಕ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದುಪಡಿಸಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಹೊಸ ಕಾಯಿದೆಯನ್ನೇ ಅಂಗೀಕರಿಸಿತು. ಕೌಶಲವಿರಲಿ, ಅದೃಷ್ಟವಿರಲಿ, ಹಣ ಕಟ್ಟಿ ಆಡಿಸುವ ಆನ್‌ಲೈನ್ ಆಟ ಕೂಡದು ಎಂದು ಅದು ಹೇಳುತ್ತದೆ. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ದ್ರೌಪದಿ ವಸ್ತ್ರಾಪಹರಣದ ಪ್ರಸಂಗವನ್ನು ಮುಂಬಯಿಯ ಯಕ್ಷಗಾನ ರಂಗದಲ್ಲಿ ರಾತ್ರಿಯಿಡೀ ನೋಡಿ ಬೆಳೆದ ನಮಗೆ ಪಣಕ್ಕೂ ಆಟಕ್ಕೂ ಇರುವ ಗಡಿ ಎಲ್ಲಿದೆಯೆಂದು ಬೇರೆಯವರು ಹೇಳಬೇಕಾಗಿಲ್ಲ ಅನ್ನಿ.

ಲೂಡೋದಲ್ಲಿ ಕೌಶಲ ಎಷ್ಟು, ಅದೃಷ್ಟ ಎಷ್ಟು ಎಂಬ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಹೈಕೋರ್ಟಿನಲ್ಲಲ್ಲ, ಕಲ್ಯಾಣದ ಒಂದು ಮನೆಯ ಪಡಸಾಲೆಯಲ್ಲಿ.

2023ರ ಜನವರಿಯಲ್ಲಿ ಹಸಿರಿನವರು ಸಂಬಂಧಿಕರ ಮದುವೆಗೆಂದು ಮುಂಬಯಿಗೆ ಬಂದರು. ಅದೇ ವಾರ ನೀಲಿಯವರೂ ಬಂದಿದ್ದರು. ಮೂವರೂ ಸೇರಿ ಕಲ್ಯಾಣಕ್ಕೆ ಹೋದೆವು. ಹೋಗುವಾಗ ಸ್ಟೇಷನ್ ಹೊರಗಿನ ಅಂಗಡಿಯಲ್ಲಿ ಒಂದು ರಟ್ಟಿನ ಲೂಡೋ ಹಲಗೆ ಕೊಂಡೆವು. ಎಷ್ಟೋ ವರ್ಷಗಳ ಮೇಲೆ ನಿಜವಾದ ದಾಳವನ್ನು ನಿಜವಾದ ಡಬ್ಬಿಯಲ್ಲಿ ಕುಲುಕಿ ಆಡುವ ಉಮೇದು. ವೈನಿ, ಅಂದರೆ ಹಳದಿಯವರ ಪತ್ನಿ, ಚುರುಮುರಿ, ಚಹಾ ತಂದಿಟ್ಟರು. ಹಲಗೆ ನೋಡಿ ಅವರ ಮುಖ ಯಾಕೋ ಸಣ್ಣದಾಯಿತು.

ಹಳದಿಯವರಿಗೆ ಐದು ಬಿತ್ತು. ಅವರು ಕಾಯಿ ಎತ್ತಿ ನಡೆಸಿದರು. ಒಂದು, ಎರಡು, ಮೂರು... ಐದಕ್ಕೆ ನಿಲ್ಲಲಿಲ್ಲ. ಏಳು ಮನೆ ದಾಟಿ, ಮೂಲೆಯಲ್ಲಿ ಬಲಕ್ಕೆ ಹೊರಳಬೇಕಾದಲ್ಲಿ ಎಡಕ್ಕೆ ಹೊರಳಿ, ಅಲ್ಲಿಂದ ಎತ್ತ ಹೋಗಬೇಕೆಂದು ತಿಳಿಯದೆ ಕಾಯಿಯನ್ನು ಬೆರಳ ತುದಿಯಲ್ಲೇ ಹಿಡಿದು ಕುಳಿತರು. ತಮಾಷೆ ಮಾಡುತ್ತಿದ್ದಾರೆಂದು ನೀಲಿಯವರು ನಕ್ಕರು. ಹಳದಿಯವರು ನಗಲಿಲ್ಲ. ಹಲಗೆಯನ್ನು ನೋಡಿದರು, ನಮ್ಮನ್ನು ನೋಡಿದರು. ಇಡೀ ಗಿರಣಿಯ ಜಮಾಖರ್ಚನ್ನು ತಲೆಯಲ್ಲಿಟ್ಟುಕೊಂಡಿದ್ದ ಮನುಷ್ಯ ಐದರ ತನಕ ಎಣಿಸಲಾರದೆ ಕುಳಿತಿದ್ದರು.

ಬಾಗಿಲಿನಿಂದ ವೈನಿ ಮೆಲ್ಲಗೆ ಹೇಳಿದರು: "ಅಣ್ಣಾರ, ಇದು ಬ್ಯಾಡರೀ. ಮೊಬೈಲ್‌ನಾಗ ಆಡ್ರಿ. ಅದರಾಗ ಕಾಯಿ ತಾನ ಹೋಗ್ತದರೀ."

ಮರೆವಿನ ಕಾಯಿಲೆ ಎಂದು ವೈದ್ಯರು ಹೇಳಿ ಆಗಲೇ ಎಂಟು ತಿಂಗಳಾಗಿತ್ತು. ವೈನಿ ಯಾರಿಗೂ ಹೇಳಿರಲಿಲ್ಲ. ನಾವು ಪ್ರತಿರಾತ್ರಿ ಅವರೊಂದಿಗೆ ಆಡುತ್ತಿದ್ದೆವು, ಮಾತಾಡುತ್ತಿದ್ದೆವು. ಆದರೂ ತಿಳಿಯುವ ದಾರಿಯಿರಲಿಲ್ಲ. ಎಣಿಕೆಯನ್ನು ಯಂತ್ರ ಮಾಡುತ್ತಿತ್ತು. ಮಾತಿನಲ್ಲಿ ಅವರು ಗಾಡಿಯ ಹಳೆಯ ಕಥೆಗಳನ್ನೇ ಹೇಳುತ್ತಿದ್ದರು. ಹೇಳಿದ್ದನ್ನೇ ಹೇಳುವುದು ನಮ್ಮ ಪ್ರಾಯದಲ್ಲಿ ಯಾರೂ ಲೆಕ್ಕಕ್ಕಿಡುವ ವಿಷಯವಲ್ಲ. ಯಾವ ಕಾಯಿ ಮುಟ್ಟಬೇಕೆಂದು ತೋಚದಾಗ ವೈನಿ ಪಕ್ಕದಲ್ಲಿ ಕುಳಿತು ಬೆರಳು ತೋರಿಸುತ್ತಿದ್ದರಂತೆ. "ಒಂಬತ್ತೂವರಿ ಆತಂದ್ರ ತಾವ ಮೊಬೈಲ್ ಕೇಳ್ತಾರರೀ. ಇಡೀ ದಿನದಾಗ ಅವರು ತಾವಾಗಿ ಕೇಳೂದು ಅದೊಂದ" ಎಂದು ಅವರು ಹೇಳಿದಾಗ ನಮ್ಮ ಮೂವರಿಗೂ ಚಹಾ ಗಂಟಲಿಳಿಯಲಿಲ್ಲ.

ಇದು ನಮ್ಮ ಗೆಳೆಯರೊಬ್ಬರ ಕಥೆಯಲ್ಲ, ಓದುಗರೇ. 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಈ ಬಗೆಯ ಮರೆವಿನ ಕಾಯಿಲೆಯಿದೆ. ನಮ್ಮ ಸಂಘದ ಒಂದು ಸಭೆಯ ಮುಂದಿನ ನಾಲ್ಕು ಸಾಲು ಕುರ್ಚಿಗಳನ್ನು ಎಣಿಸಿ ನೋಡಿ. ಅಲ್ಲಿ ಯಾರದೋ ಮನೆಯಲ್ಲಿ ಒಬ್ಬ ವೈನಿ ಬಾಯಿ ಮುಚ್ಚಿಕೊಂಡು ಬೆರಳು ತೋರಿಸುತ್ತಿದ್ದಾರೆ.

ಹಿಂತಿರುಗುವ ಗಾಡಿಯಲ್ಲಿ ಮೂವರೂ ಚರ್ಚಿಸಿದೆವು. ಆಟ ಮುಂದುವರಿಸುವುದೇ? ಇಸ್ಪೀಟು ಆಗಿದ್ದರೆ ಅಂದೇ ಮುಗಿಯುತ್ತಿತ್ತು. ಚದುರಂಗವಾಗಿದ್ದರೆ ಎಂದೋ ಮುಗಿದಿರುತ್ತಿತ್ತು. ಎಲೆ ನೆನಪಿಲ್ಲದವರಿಗೆ ಇಸ್ಪೀಟಿನಲ್ಲಿ ಸ್ಥಾನವಿಲ್ಲ. ಲೂಡೋ ಹಾಗಲ್ಲ. ಇಲ್ಲಿ ಬುದ್ಧಿವಂತನಿಗೂ ಆರು ಬೀಳುವುದು ಆರರಲ್ಲಿ ಒಂದು ಸಲ, ಮರೆತವನಿಗೂ ಆರರಲ್ಲಿ ಒಂದು ಸಲ. ದಾಳಕ್ಕೆ ಪಂಕ್ತಿಭೇದ ಗೊತ್ತಿಲ್ಲ. ಅದೃಷ್ಟದ ಆಟವೆಂದು ವಕೀಲರು ಯಾವುದನ್ನು ದೂಷಣೆಯಾಗಿ ಹೇಳುತ್ತಾರೋ ಅದೇ ನಮಗೆ ವರವಾಗಿ ಕಂಡಿತು. ಕೌಶಲ ಕೈಬಿಟ್ಟ ಮೇಲೂ ಗೆಳೆಯನೊಬ್ಬನನ್ನು ಸರಿಸಮಾನವಾಗಿ ಕೂರಿಸಿಕೊಳ್ಳುವ ಆಟ ಅದು. ಹತ್ತು ರೂಪಾಯಿಯ ಪಣ ಅಂದು ಬಂದಿದ್ದರೆ ಹೀಗೆ ಕೂರಿಸಿಕೊಳ್ಳಲು ಸಾಧ್ಯವೇ ಇರಲಿಲ್ಲ.

ಹಸಿರಿನವರದ್ದು ಮೃದು ಹೃದಯ. ಮುಂದಿನ ಆಟದಿಂದ ಹಳದಿ ಕಾಯಿ ಎದುರಿಗಿದ್ದರೂ ಕಡಿಯದೆ ಬೇರೆ ಕಾಯಿ ನಡೆಸತೊಡಗಿದರು. ನೀಲಿಯವರೂ ಹಾಗೇ ಮಾಡಿದರು. ಎರಡು ದಿನ ಕಳೆಯಿತು. ಮೂರನೆಯ ದಿನ ಫೋನಿನಲ್ಲಿ ಹಳದಿಯವರ ದನಿ ಏರಿತು. "ಯಾಕ್ರೀ, ನನ್ನ ಕಾಯಿ ಯಾಕ ಕಡೀಲಿಲ್ಲ? ದಯಾ ಮಾಡ್ಲಿಕ್ಕೆ ಹತ್ತೀರೇನು?" ಬೆಳಗ್ಗೆ ಏನು ತಿಂದರೆಂಬುದು ನೆನಪಿಲ್ಲದವರಿಗೆ ಎದುರಿನವರು ಆಟ ಬಿಟ್ಟುಕೊಡುತ್ತಿದ್ದಾರೆಂಬುದು ಗೊತ್ತಾಗಿತ್ತು! ಮರುಗರದಲ್ಲೇ ಹಸಿರಿನವರು ಅವರ ಕಾಯಿ ಕಡಿದರು, ಹಣ್ಣಾಗಲು ಒಳಸಾಲು ತಲುಪುವ ಹೊಸ್ತಿಲಿನಲ್ಲಿ. ಹಳದಿಯವರು ಗದಗದ ಶೈಲಿಯಲ್ಲಿ ಬೈದು, ಆಮೇಲೆ ಮನಸಾರೆ ನಕ್ಕರು. ಅಂದಿನಿಂದ ಯಾರೂ ದಯೆ ತೋರಿಸುವುದಿಲ್ಲ.

ಆದರೆ ಒಂದು ವಿಷಯದಲ್ಲಿ ಮಾತ್ರ ನಮ್ಮದೇ ನಿಯಮ ಮಾಡಿಕೊಂಡಿದ್ದೇವೆ. ಮೊಬೈಲಿನ ಲೂಡೋದಲ್ಲಿ ಗಡಿಯಾರವಿದೆ. ಕೆಲವು ಸೆಕೆಂಡುಗಳೊಳಗೆ ದಾಳ ಮುಟ್ಟದಿದ್ದರೆ ಸರದಿ ಮುಂದಿನವರಿಗೆ ಹೋಗುತ್ತದೆ. ಹಳದಿಯವರು ಮೊಬೈಲು ಹಿಡಿದುಕೊಂಡೇ ಎತ್ತಲೋ ನೋಡುತ್ತಾ ಇದ್ದುಬಿಡುತ್ತಾರೆ. ಆಗ ಮೂವರೂ ಒಟ್ಟಿಗೆ ಕೂಗುತ್ತೇವೆ, "ಹಳದಿಯವರೇ, ಸರದಿ ನಿಮ್ಮದು!" ಎಂದು. ಹೆಚ್ಚಿನ ಸಲ ಎಚ್ಚರಾಗುತ್ತಾರೆ. ಆಗದೆ ಸರದಿ ತಪ್ಪಿದರೆ, ಆ ಸುತ್ತಿನಲ್ಲಿ ನಾವು ಮೂವರೂ ದಾಳ ಮುಟ್ಟದೆ ಸರದಿ ಬಿಟ್ಟುಬಿಡುತ್ತೇವೆ. ಇದು ದಯೆಯಲ್ಲ. ಗಡಿಯಾರ ಯಂತ್ರದ ನಿಯಮ, ನಮ್ಮದಲ್ಲ. ಗಾಡಿಯಲ್ಲಿ ಯಾರಾದರೂ ಕಿಟಕಿಯಾಚೆ ಪಾರಸೀಕ್ ಸುರಂಗದ ಕತ್ತಲೆ ನೋಡುತ್ತಾ ಕುಳಿತರೆ ಎಲೆ ಹಾಕುವ ತನಕ ಕಾಯುತ್ತಿರಲಿಲ್ಲವೇ? ಕಡಿಯುವುದು ಆಟದ ಧರ್ಮ, ಕಾಯುವುದು ಗೆಳೆತನದ ಧರ್ಮ.

ಇದರಿಂದ ಅವರ ಕಾಯಿಲೆ ಗುಣವಾಗುತ್ತದೆಯೇ? ಇಲ್ಲ. ಅವರನ್ನು ನೋಡುವ ಠಾಣೆಯ ವೈದ್ಯರನ್ನು ನಾನೇ ಕೇಳಿದೆ. "ಆಟ ಔಷಧಿಯಲ್ಲ. ಆದರೆ ದಿನಾ ಒಂದೇ ಹೊತ್ತಿಗೆ ಪರಿಚಿತ ದನಿಗಳು ಕಿವಿಗೆ ಬೀಳುವುದು ಒಳ್ಳೆಯದು, ಬಿಡಬೇಡಿ" ಎಂದರು. ಕಳೆದ ವರ್ಷದಿಂದ ಅವರಿಗೆ ನಮ್ಮ ಹೆಸರುಗಳು ಮರೆತುಹೋಗಿವೆ. ನಾನು ಕೆಂಪು, ಅಷ್ಟೇ. "ಕೆಂಪಿನವರು ಬಂದ್ರೇನು?" ಎಂದು ಕೇಳುತ್ತಾರೆ. ಈ ಬರಹದಲ್ಲಿ ಬಣ್ಣದಿಂದ ಕರೆದದ್ದು ಮುಜುಗರ ತಪ್ಪಿಸಲು ಎಂದೆನಲ್ಲ, ಅದು ಅರ್ಧ ಕಾರಣ. ನಮ್ಮ ನಾಲ್ವರ ನಡುವೆ ಈಗ ಉಳಿದಿರುವ ಹೆಸರುಗಳೇ ಅವು. ಬಣ್ಣಗಳೂ ಮರೆಯುವ ದಿನ ಬರಬಹುದು. ಬಂದಾಗ ನೋಡೋಣ. ದಾಳ ಮುಟ್ಟುವ ಬೆರಳು ಇರುವ ತನಕ ಕೋಣೆ ತೆರೆದಿರುತ್ತದೆ.

ವೈನಿಯವರಿಗೂ ಇದರಿಂದ ಒಂದು ಗಂಟೆಯ ಬಿಡುವು ಸಿಕ್ಕಿದೆ. ಈಗ ಬೆರಳು ತೋರಿಸುವ ಕೆಲಸವನ್ನು ಪಕ್ಕದ ಮನೆಯ ಕಾಲೇಜು ಹುಡುಗ ವಹಿಸಿಕೊಂಡಿದ್ದಾನೆ. ಆ ಹೊತ್ತಿನಲ್ಲಿ ಅವರು ಕೆಳಗಿಳಿದು ಕಟ್ಟಡದ ಅಂಗಳದಲ್ಲಿ ನಾಲ್ಕು ಸುತ್ತು ನಡೆದು ಬರುತ್ತಾರೆ. ಆ ಹುಡುಗ ಬಿ.ಜಿ.ಎಂ.ಐ. ಆಡುವವನು. ಬಿದ್ದವರನ್ನು ಎಬ್ಬಿಸುವ ಅಭ್ಯಾಸ ಅವನಿಗೆ ಅಲ್ಲಿಂದಲೇ ಬಂದಿರಬೇಕು ಎಂದು ನನ್ನ ಊಹೆ.

ಕೊನೆಯಲ್ಲಿ ನಿಮ್ಮಲ್ಲಿ ಎರಡು ಮೂರು ವಿನಂತಿ. ನಿಮ್ಮ ಫೋನಿನಲ್ಲಿ ವರ್ಷಗಳಿಂದ ಒತ್ತದ ಒಂದು ನಂಬರಿದ್ದರೆ, ಹಳೆಯ ಗಾಡಿಮಿತ್ರನದೋ, ಚಾಳಿನ ನೆರೆಯವರದೋ, ರಾತ್ರಿಶಾಲೆಯ ಸಹಪಾಠಿಯದೋ, ಅವರನ್ನು ಒಂದು ಆಟಕ್ಕೆ ಕರೆಯಿರಿ. ಪರಿಚಿತರೊಂದಿಗೆ ಮಾತ್ರ, ಸ್ವಂತ ಕೋಣೆ ತೆರೆದು ಆಡಿರಿ. ಹಣದ ಆಟಕ್ಕೆ ಯಾರಾದರೂ ಕರೆದರೆ ಹೋಗಬೇಡಿ. ಮೋಸವೇನಾದರೂ ಆದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ, ಅದು ಸೈಬರ್ ವಂಚನೆಯ ದೂರಿಗಾಗಿಯೇ ಇರುವುದು. ಮನೆಯಲ್ಲಿ ಹಿರಿಯರಿದ್ದು ದಾರಿ ತೋಚದಾದಾಗ ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ. ಮರೆವಿನ ಕಾಯಿಲೆಯನ್ನು ಮುಚ್ಚಿಡುವ ವೈನಿಯರಿಗೆ ಒಂದು ಮಾತು: ಹೇಳಿಬಿಡಿ ತಾಯಿ. ಮೂವರ ಬೆಂಚಿನಲ್ಲಿ ನಾಲ್ಕನೆಯವರಿಗಾಗಿ ಸರಿದು ಕೂರುವುದನ್ನು ಮುಂಬಯಿಯವರಿಗೆ ಯಾರೂ ಕಲಿಸಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಹಳದಿಯವರ ಬಗ್ಗೆ ಕನಿಕರಪಡಬೇಡಿ. ಹೋದ ವಾರದ ಏಳು ಆಟಗಳಲ್ಲಿ ಮೂರು ಅವರೇ ಗೆದ್ದಿದ್ದಾರೆ. ನಾನು ಗೆದ್ದದ್ದು ಒಂದು. ಹಸಿರಿನವರಂತೂ ಯಂತ್ರದ ಮೇಲೆ ಮತ್ತೆ ಗುಮಾನಿಪಡಲು ಶುರುಮಾಡಿದ್ದಾರೆ.